ಚಾರ್ಟ್‌ನಲ್ಲಿ ಕಾಲಂ ಇಲ್ಲದ ಕೆಲಸ

ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಅನ್ನುವ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಓಡಾಡುತ್ತಿದೆ. ಅದು ಸುಳ್ಳು. ತಾಯಿಯ ಹೊಟ್ಟೆಯೊಳಗೆ ಹೆಚ್ಚಾಗಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ವೈದ್ಯರು ಅವಧಿಪೂರ್ವ ಶಿಶು ಎನ್ನುತ್ತಾರೆ. 2020ರಲ್ಲಿ ಜಗತ್ತಿನಲ್ಲಿ ಹೀಗೆ ಹುಟ್ಟಿದ ಮಕ್ಕಳು ಸುಮಾರು 1 ಕೋಟಿ 34 ಲಕ್ಷ. ಅದರಲ್ಲಿ 30 ಲಕ್ಷ ಭಾರತದ ಮಕ್ಕಳು. ಬೇರೆ ಯಾವ ದೇಶದಲ್ಲೂ ಇಷ್ಟು ಇಲ್ಲ.

ಇಂಥ ಮಗುವಿನ ಬಗ್ಗೆ ಮನೆಯವರು ಮೊದಲು ಕೇಳುವುದು ತೂಕ, ಆಮೇಲೆ ಉಸಿರಾಟ. ಮಿದುಳಿನ ವಿಚಾರ ಯಾರೂ ಕೇಳುವುದಿಲ್ಲ. 34 ವಾರಕ್ಕೆ ಹುಟ್ಟಿದ ಮಗುವಿನ ಮಿದುಳು ತುಂಬು ದಿನದ ಮಗುವಿನ ಮಿದುಳಿನ ಮೂರರಲ್ಲಿ ಎರಡು ಪಾಲು ಮಾತ್ರ ತೂಗುತ್ತದೆ. ಮಿಕ್ಕ ಒಂದು ಪಾಲು ಕತ್ತಲಲ್ಲಿ, ಬಿಸುಪಿನಲ್ಲಿ, ನೀರಿನಲ್ಲಿ ತೇಲುತ್ತ, ತಾಯಿಯ ಎದೆಬಡಿತ ಕೇಳುತ್ತ ಬೆಳೆಯಬೇಕಾಗಿತ್ತು. ಈಗ ಅದು ವಾರ್ಡಿನ ಟ್ಯೂಬ್‌ಲೈಟ್ ಕೆಳಗೆ, ಮಾನಿಟರ್‌ಗಳ ಸದ್ದಿನ ನಡುವೆ, ಸೂಜಿ, ಟೇಪು, ಪೈಪುಗಳ ಜೊತೆ ಬೆಳೆಯಬೇಕು. ಆ ಬೆಳವಣಿಗೆಗೆ ಆದಷ್ಟು ಕಡಿಮೆ ತೊಂದರೆಯಾಗುವಂತೆ ಮಗುವನ್ನು ನೋಡಿಕೊಳ್ಳುವುದಕ್ಕೆ ಬೆಳವಣಿಗೆಪೂರಕ ಆರೈಕೆ ಎನ್ನುತ್ತಾರೆ. ಬೆಳಕು ತಗ್ಗಿಸುವುದು, ಸದ್ದು ಕಡಿಮೆ ಮಾಡುವುದು, ಬಟ್ಟೆ ಸುತ್ತಿ ಗೂಡು ಕಟ್ಟಿ ಕೈಕಾಲು ಮುದುಡಿ ಮಲಗಿಸುವುದು, ನಿದ್ದೆ ಕೆಡಿಸದಿರುವುದು, ನೋವು ತಗ್ಗಿಸುವುದು, ಬೇಗ ತಾಯಿಯ ಎದೆಗೆ ಕೊಡುವುದು ಎಲ್ಲ ಇದರಲ್ಲಿ ಸೇರುತ್ತವೆ. ಅಮೆರಿಕದ ಬಾಸ್ಟನ್‌ನಲ್ಲಿದ್ದ ಮನಶ್ಶಾಸ್ತ್ರಜ್ಞೆ ಹೈಡೆಲೀಸ್ ಆಲ್ಸ್ 1980ರ ದಶಕದಲ್ಲಿ ಇದಕ್ಕೊಂದು ಕ್ರಮ ಹಾಕಿಕೊಟ್ಟರು. ಅವರ ಮೂಲ ತತ್ವ ಸರಳ: ಮಾತು ಬಾರದ ಮಗು ಮೈಯಿಂದಲೇ ಮಾತಾಡುತ್ತದೆ, ಅದನ್ನು ಓದಿ ಕೈ ಹಾಕಿ. ಬೆರಳು ಸೆಟೆದುಕೊಂಡರೆ, ಬೆನ್ನು ಹಿಂದಕ್ಕೆ ಬಾಗಿದರೆ, ಬಿಕ್ಕಳಿಕೆ ಬಂದರೆ, ಮೈಬಣ್ಣ ಕಲೆಕಲೆಯಾದರೆ ಸಾಕು, ಇನ್ನು ಬೇಡ ಎಂದು ಅರ್ಥ.

ಇದನ್ನು ಓದಬೇಕಾದವರು ನರ್ಸ್‌ಗಳು. ಡಾಕ್ಟರ್ ರೌಂಡ್ಸ್‌ಗೆ ಬಂದು ಹೋಗುತ್ತಾರೆ. ಇಪ್ಪತ್ತನಾಲ್ಕು ಗಂಟೆಯೂ ಮಗುವಿನ ಪಕ್ಕ ಇರುವುದು ಪಾಳಿಯ ಸಿಸ್ಟರ್. ಈ ಆರೈಕೆ ಗೊತ್ತಿರುವ ಸಿಸ್ಟರ್ ಕೂಡ ಅದನ್ನು ಮಾಡಲಾಗದ ಹಾಗೆ ನಾವು ವಾರ್ಡುಗಳನ್ನು ಕಟ್ಟಿದ್ದೇವೆ, ಪಾಳಿಗಳನ್ನು ಹಾಕಿದ್ದೇವೆ, ರಿಜಿಸ್ಟರ್‌ಗಳನ್ನು ಬರೆಸುತ್ತಿದ್ದೇವೆ. ಈ ಅಂಕಣದಲ್ಲಿ ನಾನು ಹೇಳಬೇಕೆಂದಿರುವುದು ಅದನ್ನೇ.

ನಮ್ಮ ಕೋಲಾರ ಜಿಲ್ಲೆಯ ದಾರಿಯಿಂದಲೇ ಶುರು ಮಾಡೋಣ. ಸರ್ಕಾರಿ ವ್ಯವಸ್ಥೆಯಲ್ಲಿ ಹೆರಿಗೆ ಆಗುವ ಕಡೆಯೆಲ್ಲ ನವಜಾತ ಶಿಶು ಆರೈಕೆ ಮೂಲೆ, ತಾಲ್ಲೂಕು ಮಟ್ಟದಲ್ಲಿ ಎನ್‌ಬಿಎಸ್‌ಯು ಎಂಬ ಸಣ್ಣ ಘಟಕ, ಜಿಲ್ಲಾಸ್ಪತ್ರೆಯಲ್ಲಿ ಎಸ್‌ಎನ್‌ಸಿಯು ಎಂಬ ವಿಶೇಷ ಘಟಕ ಎಂದು ಮೂರು ಹಂತ. 1,800 ಗ್ರಾಂಗಿಂತ ಕಡಿಮೆ ತೂಕದ ಮಗುವನ್ನು ಮೂರನೇ ಹಂತಕ್ಕೆ ಕಳುಹಿಸಬೇಕು ಎನ್ನುತ್ತದೆ ಕೇಂದ್ರದ ಮಾರ್ಗಸೂಚಿ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಯಾವ ಕಡೆಯಿಂದ ಹೊರಟರೂ ಕೋಲಾರಕ್ಕೆ ಹೆಚ್ಚುಕಡಿಮೆ ಇಪ್ಪತ್ತೈದು, ಮೂವತ್ತು ಕಿಲೋಮೀಟರ್. 108 ಆಂಬುಲೆನ್ಸ್‌ನಲ್ಲಿ ಮಗು ಬರುತ್ತದೆ. ಸಿಸೇರಿಯನ್ ಆದ ತಾಯಿ ಹೊಲಿಗೆ ಹಾಕಿಸಿಕೊಂಡು ಅಲ್ಲೇ ತಾಲ್ಲೂಕಿನಲ್ಲಿ ಮಲಗಿರುತ್ತಾಳೆ. ಮಗುವಿನ ಜೊತೆ ಬರುವುದು ಅಪ್ಪ, ಇಲ್ಲವೆ ಅಜ್ಜಿ. ಕೋಲಾರದ ಸಿಸ್ಟರ್‌ಗೆ ಬೆಳವಣಿಗೆಪೂರಕ ಆರೈಕೆಯ ಅತಿ ದೊಡ್ಡ ಔಷಧವೇ, ಎಂದರೆ ತಾಯಿಯೇ, ಮೊದಲ ದಿನ ಸಿಗುವುದಿಲ್ಲ. ತಾಯಿಯ ಮೊದಲ ಹಾಲು, ಗಿಣ್ಣುಹಾಲು, ಮೂವತ್ತು ಕಿಲೋಮೀಟರ್ ದೂರದಲ್ಲಿ ಉಳಿಯುತ್ತದೆ. ಇದು ನರ್ಸ್ ಎದುರಿಸುವ ಮೊದಲ ಅಡ್ಡಿ. ಮಗು ಅವರ ಕೈಗೆ ಬರುವ ಮೊದಲೇ ಅದು ಎದುರಾಗಿರುತ್ತದೆ. ಮಗುವಿಗೆ ಆಂಬುಲೆನ್ಸ್ ಕೊಡುವಾಗಲೇ, ಆರೋಗ್ಯ ಸ್ಥಿರವಾಗಿರುವ ತಾಯಿಗೂ ಅದರಲ್ಲೇ ಜಾಗ, ಕೋಲಾರದಲ್ಲೊಂದು ಹಾಸಿಗೆ ಕೊಡುವುದು ಅಸಾಧ್ಯವೇನಲ್ಲ.

ಇನ್ನು ವಾರ್ಡಿನೊಳಗೆ. ಹಿಮ್ಮಡಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆಯುವ ಕೆಲಸ ನೋಡಿ. ಮಗು 1,300 ಗ್ರಾಂ ಇದೆ. ಅದರ ಪಾದ ಸಿಸ್ಟರ್‌ನ ಹೆಬ್ಬೆರಳಿನಷ್ಟು. ಸರಿಯಾಗಿ ಮಾಡಬೇಕೆಂದರೆ ಎರಡು ನಿಮಿಷ ಮೊದಲೇ ಬಾಯಿಗೆ ತಾಯಿಯ ಹಾಲಿನ ಕೆಲವು ಹನಿ, ಇಲ್ಲವೆ ಸಕ್ಕರೆ ದ್ರಾವಣ ಹಾಕಬೇಕು. ಇನ್ನೊಬ್ಬರು ಒಂದು ಅಂಗೈಯನ್ನು ಮಗುವಿನ ತಲೆಯ ಮೇಲೆ, ಮತ್ತೊಂದನ್ನು ಮಡಿಸಿದ ಕಾಲುಗಳ ಮೇಲೆ ಇಟ್ಟು, ಹೊಟ್ಟೆಯೊಳಗೆ ಮಲಗಿದ್ದ ಭಂಗಿಯಲ್ಲೇ ಹಿಡಿದಿರಬೇಕು. ಹಿಮ್ಮಡಿಯ ಪಕ್ಕಕ್ಕೆ ಚುಚ್ಚಬೇಕು, ನಡುಭಾಗಕ್ಕಲ್ಲ. ರಕ್ತ ತೆಗೆದಾದ ಮೇಲೂ ಮಗು ಸಮಾಧಾನಕ್ಕೆ ಬರುವವರೆಗೆ ಕೈ ತೆಗೆಯಬಾರದು. ಕೈ ತಟ್ಟನೆ ತೆಗೆದರೆ ಮಗು ಬೆಚ್ಚಿ ಎರಡೂ ತೋಳು ಚಾಚುತ್ತದೆ, ಎದೆಬಡಿತ ಏರುತ್ತದೆ, ಆಮ್ಲಜನಕ ಇಳಿಯುತ್ತದೆ.

ಇದು ಇಬ್ಬರ ಕೆಲಸ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇದ್ದರೆ ಒಂದು ಕೈಯಲ್ಲಿ ಪಾದ, ಇನ್ನೊಂದರಲ್ಲಿ ಸೂಜಿ. ಹಿಡಿದುಕೊಳ್ಳಲು ಮೂರನೇ ಕೈ ಇಲ್ಲ. ಎಸ್‌ಎನ್‌ಸಿಯುನಲ್ಲಿ ಪಾಳಿಗೆ ಮೂರು, ನಾಲ್ಕು ಮಕ್ಕಳಿಗೆ ಒಬ್ಬ ನರ್ಸ್ ಇರಬೇಕೆಂಬುದು ಲೆಕ್ಕ. ಆ ಲೆಕ್ಕ ಹಾಕುವುದು ಹಾಸಿಗೆಗಳ ಮೇಲೆ. ಮಕ್ಕಳು ಹೆಚ್ಚಾಗಿ ಮಗುವನ್ನು ಬೆಚ್ಚಗಿಡುವ ಒಂದೇ ವಾರ್ಮರ್ ಮೇಲೆ ಇಬ್ಬರನ್ನು ಮಲಗಿಸುವ ಹೊತ್ತು ಬಂದರೆ ಲೆಕ್ಕ ಕಾಗದದ ಮೇಲೆ ಸರಿಯಾಗಿರುತ್ತದೆ, ಸಿಸ್ಟರ್‌ನ ಕೈಗಳು ಮಾತ್ರ ಅಷ್ಟೇ ಇರುತ್ತವೆ. ರಜೆ, ಹೆರಿಗೆ ರಜೆ, ಖಾಲಿ ಹುದ್ದೆ, ಗುತ್ತಿಗೆ ಮುಗಿದು ಬಿಟ್ಟು ಹೋದವರು, ಇವೆಲ್ಲ ಬೇರೆ.

ಪ್ಯಾರಿಸ್ ಸುತ್ತಲಿನ ನವಜಾತ ಶಿಶು ತೀವ್ರ ನಿಗಾ ಘಟಕಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಮಗುವೊಂದಕ್ಕೆ ಮೊದಲ ಎರಡು ವಾರ ದಿನಕ್ಕೆ ಹತ್ತರಷ್ಟು ನೋವಿನ ಪ್ರಕ್ರಿಯೆಗಳು ಆಗುವುದನ್ನು ದಾಖಲಿಸಿತು. ಬಹುಪಾಲಿಗೆ ನೋವು ತಗ್ಗಿಸುವ ಯಾವ ಕ್ರಮವೂ ಇರಲಿಲ್ಲ. ಸೌಲಭ್ಯ ತುಂಬಿದ ಊರಿನ ಮಾತಿದು. ನವಜಾತ ಶಿಶುವಿಗೆ ನೋವು ತಿಳಿಯುವುದಿಲ್ಲ ಎಂದು ವೈದ್ಯಲೋಕವೇ ಬಹುಕಾಲ ನಂಬಿತ್ತು. ಅರಿವಳಿಕೆ ಸಾಲದೆ ಶಸ್ತ್ರಚಿಕಿತ್ಸೆ ಮಾಡಿದ್ದೂ ಉಂಟು. ಇಂದೋರ್‌ನಲ್ಲಿ ವೈದ್ಯಶಿಕ್ಷಣ ಪಡೆದು ವಿದೇಶಕ್ಕೆ ಹೋದ ಕೆ.ಜೆ.ಎಸ್. ಆನಂದ್ 1980ರ ದಶಕದಲ್ಲಿ ಆ ನಂಬಿಕೆಯನ್ನು ಮುರಿದರು. ಹಳೆಯ ನಂಬಿಕೆ ಪುಸ್ತಕದಿಂದ ಹೋಯಿತು, ಅಭ್ಯಾಸದಿಂದ ಪೂರ್ತಿ ಹೋಗಿಲ್ಲ.

ಬೆಳಕಿನ ವಿಷಯಕ್ಕೆ ಬಂದರೆ ಅಡ್ಡಿ ಇರುವುದು ಗೋಡೆಯ ಸ್ವಿಚ್‌ಬೋರ್ಡಿನಲ್ಲಿ. ಒಂದು ಸ್ವಿಚ್ ಒತ್ತಿದರೆ ಇಡೀ ಸಾಲಿನ ಟ್ಯೂಬ್‌ಲೈಟ್ ಹತ್ತುತ್ತವೆ, ಆರಿಸಿದರೆ ಎಲ್ಲ ಆರುತ್ತವೆ. ಒಂದು ಮಗುವಿಗೆ ಡ್ರಿಪ್ ಹಾಕಬೇಕೆಂದರೆ ಹನ್ನೆರಡು ಮಕ್ಕಳ ಕಣ್ಣಿಗೂ ಬೆಳಕು ಬೀಳುತ್ತದೆ. ಇನ್ಕ್ಯುಬೇಟರ್ ಪೆಟ್ಟಿಗೆಯ ಮೇಲೆ ದಪ್ಪ ಬಟ್ಟೆ ಹೊದಿಸಬಹುದು. ಆದರೆ ಹೊದಿಸಿದ ಬಟ್ಟೆಯ ಕೆಳಗೆ ಮಗು ನೀಲಿಯಾದರೆ ಕಾಣುವುದು ಹೇಗೆ? ಪ್ರತಿ ಮಗುವಿಗೂ ಮಾನಿಟರ್ ಇಲ್ಲದ ಕಡೆ ಸಿಸ್ಟರ್ ಕಣ್ಣನ್ನೇ ನಂಬಬೇಕು, ಕಣ್ಣಿಗೆ ಬೆಳಕು ಬೇಕು. ಅವರು ದೀಪ ಆರಿಸದಿರುವುದು ಅಸಡ್ಡೆಯಿಂದಲ್ಲ, ಮಗುವಿನ ಜೀವದ ಭಯದಿಂದ.

ಸದ್ದು ಇನ್ನೂ ಕಷ್ಟ. ನವಜಾತ ಶಿಶು ಘಟಕದಲ್ಲಿ ಸದ್ದು 45 ಡೆಸಿಬಲ್ ದಾಟದಿದ್ದರೆ ಒಳ್ಳೆಯದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1997ರಲ್ಲೇ ಹೇಳಿತು. ನಾವು ಇಬ್ಬರು ಕೂತು ಸಾಮಾನ್ಯವಾಗಿ ಮಾತಾಡಿದರೇ 60 ಆಗುತ್ತದೆ. ಇನ್ಕ್ಯುಬೇಟರ್‌ನ ಬಾಗಿಲನ್ನು ಟಪ್ಪನೆ ಮುಚ್ಚಿದರೆ ಒಳಗಿರುವ ಮಗುವಿಗೆ 80 ದಾಟುತ್ತದೆ. ಮಕ್ಕಳನ್ನು ಪೆಟ್ಟಿಗೆಯೊಳಗೆ ಇಡದೆ ತೆರೆದ ವಾರ್ಮರ್ ಮೇಲೆ ಮಲಗಿಸಿದಾಗ ತಡೆಯಲು ಆ ಗೋಡೆಯೂ ಇಲ್ಲ. ಬಿದ್ದ ಸ್ಟೀಲ್ ಟ್ರೇ, ಆಮ್ಲಜನಕದ ಯಂತ್ರದ ಗುಂಯ್‌ಗುಡುವಿಕೆ, ಮೊಬೈಲ್, ಬಾಗಿಲಲ್ಲಿ ನಿಂತ ಬಂಧುಗಳ ಕೂಗು, ಎಲ್ಲವೂ ನೇರ ಕಿವಿಗೆ.

ಎಲ್ಲಕ್ಕಿಂತ ಹೆಚ್ಚು ಕೂಗುವುದು ಅಲಾರಂ. ಆಮ್ಲಜನಕ ಕೊಡುತ್ತಿರುವ ಮಗುವಿನ ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಶೇ 90ರಿಂದ 95ರ ನಡುವೆ ಇರಬೇಕು. ಕಡಿಮೆಯಾದರೆ ಅಪಾಯವೆಂದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ಅಪಾಯ: ಬಲಿಯದ ಕಣ್ಣಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಮಗು ಕುರುಡಾಗಬಹುದು. ಆರ್‌ಒಪಿ ಎಂದು ಕರೆಯುವ ಕಾಯಿಲೆ ಇದೇ. ಹಾಗಾಗಿ ಅಲಾರಂ ಕೆಳಗಿನ ಅಂಚಿಗೂ ಮೇಲಿನ ಅಂಚಿಗೂ ಕೂಗುವಂತೆ ಇಡಬೇಕು. ಎಂಟು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಸಿಸ್ಟರ್‌ಗೆ ಆ ಕೂಗು ನಿಲ್ಲುವುದೇ ಇಲ್ಲ. ಕೊನೆಗೆ ಮೇಲಿನ ಮಿತಿಯನ್ನು 100ಕ್ಕೆ ಏರಿಸುತ್ತಾರೆ, ಸದ್ದು ಅಡಗುತ್ತದೆ. ಕಿವಿಗೆ ನೆಮ್ಮದಿ ಕೊಟ್ಟದ್ದು ಕಣ್ಣಿಗೆ ಕುತ್ತಾಗುತ್ತದೆ. ಇದನ್ನು ಸಿಸ್ಟರ್ ತಪ್ಪು ಎಂದು ಬರೆಯುವುದು ಸುಲಭ. ಎಂಟು ಮಕ್ಕಳಿಗೆ ಒಬ್ಬರೇ ಇದ್ದದ್ದು ಯಾರ ತಪ್ಪು ಎಂದು ಬರೆಯುವವರು ಕಡಿಮೆ.

2017ರ ಆಗಸ್ಟ್‌ನಲ್ಲಿ ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾಸ್ಪತ್ರೆ ರಾಜ್ಯದಾಚೆಗೂ ಸುದ್ದಿಯಾಯಿತು. ಆ ವರ್ಷದ ಜನವರಿಯಿಂದ ಅಲ್ಲಿ ಸತ್ತ ಶಿಶುಗಳು 90ರಷ್ಟು ಎಂದು ಪತ್ರಿಕೆಗಳು ಬರೆದವು. ಆ ಮಕ್ಕಳ ಮನೆಗಳ ದುಃಖವನ್ನು ಯಾವ ಸಮಜಾಯಿಷಿಯೂ ತೊಡೆಯುವುದಿಲ್ಲ. ಸುದ್ದಿ ಆಗಬೇಕಾದದ್ದೇ ಆಯಿತು. ಆದರೆ ಇಂಥ ಸುದ್ದಿಯ ಮರುದಿನ ಎಲ್ಲ ಆಸ್ಪತ್ರೆಗಳಲ್ಲೂ ಬಿಗಿಯಾಗುವುದು ಎಣಿಕೆ. ಎಷ್ಟು ಮಕ್ಕಳು ಬಂದವು, ಎಷ್ಟು ಹೋದವು, ಆಂಟಿಬಯೋಟಿಕ್ ಎಷ್ಟು ಹೊತ್ತಿಗೆ, ಫೋಟೋಥೆರಪಿ ಎಷ್ಟು ಗಂಟೆ. ಸಿಸ್ಟರ್ ಪಾಳಿಯ ದೊಡ್ಡ ಪಾಲು ಬರೆಯುವುದರಲ್ಲಿ ಹೋಗುತ್ತದೆ. ಬರೆಯುವ ಆ ಹಾಳೆಗಳಲ್ಲಿ ಮಗು ಎಷ್ಟು ಹೊತ್ತು ನಿದ್ದೆ ಮಾಡಿತು ಎಂಬುದಕ್ಕೆ ಕಾಲಂ ಸಿಗುವುದು ಅಪರೂಪ. ಚುಚ್ಚುವಾಗ ನೋವು ತಗ್ಗಿಸಲಾಯಿತೆ, ರಾತ್ರಿ ಬೆಳಕು ತಗ್ಗಿಸಲಾಯಿತೆ, ಭಂಗಿ ಬದಲಿಸಲಾಯಿತೆ ಎಂದು ಕೇಳುವ ಹಾಳೆಯೂ ಅಪರೂಪ. ಬರೆಯದ ಕೆಲಸ ಮಾಡದ ಕೆಲಸ ಎಂದು ಆಸ್ಪತ್ರೆಗಳಲ್ಲಿ ಕಲಿಸುತ್ತಾರೆ. ಎರಡು ನಿಮಿಷ ಮಗುವಿನ ತಲೆಯ ಮೇಲೆ ಸುಮ್ಮನೆ ಅಂಗೈ ಇಟ್ಟು ನಿಂತ ಸಿಸ್ಟರ್ ದೂರದಿಂದ ನೋಡುವವರಿಗೆ ಕೆಲಸವಿಲ್ಲದೆ ನಿಂತ ಹಾಗೆ ಕಾಣುತ್ತಾರೆ. ಈ ಆರೈಕೆಯ ಅರ್ಧ ಭಾಗ ಏನನ್ನೂ ಮಾಡದೆ ಇರುವುದು, ಎಬ್ಬಿಸದೆ ಇರುವುದು, ಮುಟ್ಟದೆ ಕಾಯುವುದು. ಅದಕ್ಕೆ ಬೆಲೆ ಕಟ್ಟಲು ನಮ್ಮ ಕಚೇರಿಗಳಿಗೆ ಬರುವುದಿಲ್ಲ.

ಅಧಿಕಾರದ ಪ್ರಶ್ನೆಯೂ ಇದರಲ್ಲೇ ಇದೆ. ಹಾಲು ಕುಡಿಸುವುದು, ಬಟ್ಟೆ ಬದಲಿಸುವುದು, ಉಷ್ಣಾಂಶ ನೋಡುವುದು ಎಲ್ಲವನ್ನೂ ಒಟ್ಟಿಗೆ ಮುಗಿಸಿ ಮಗುವನ್ನು ಎರಡು, ಮೂರು ಗಂಟೆ ಮಲಗಲು ಬಿಡಬೇಕು. ಆಗಷ್ಟೇ ಮಲಗಿದ ಮಗುವಿನ ಬಳಿಗೆ ರೌಂಡ್ಸ್ ಬರುತ್ತದೆ. ಅದರ ಹಿಂದೆ ಎಕ್ಸ್‌ರೇ, ಅದರ ಹಿಂದೆ ಲ್ಯಾಬ್ ಟೆಕ್ನೀಷಿಯನ್. ‘ಸರ್, ಈಗಷ್ಟೇ ಮಲಗಿದೆ, ಅರ್ಧ ಗಂಟೆ ಬಿಟ್ಟು ಬನ್ನಿ’ ಎಂದು ಹೇಳುವ ಧೈರ್ಯ ಎಷ್ಟು ಸಿಸ್ಟರ್‌ಗಳಿಗೆ ಇದೆ? ಗುತ್ತಿಗೆ ನವೀಕರಣಕ್ಕೆ ಸಹಿ ಬೇಕಾದವರಿಗಂತೂ ಇರುವುದಿಲ್ಲ. ಈ ಮಾತನ್ನು ಹೇಳಬೇಕಾದವರು ಮಕ್ಕಳ ವೈದ್ಯರು, ಅದೂ ಎಲ್ಲರೆದುರಿಗೆ: ನಮ್ಮ ವಾರ್ಡಿನಲ್ಲಿ ಮಗುವಿನ ನಿದ್ದೆಯ ವಿಷಯದಲ್ಲಿ ಸಿಸ್ಟರ್ ಮಾತೇ ಕೊನೆ.

ಬಟ್ಟೆಯ ಗೂಡಿಗೂ ಅಡ್ಡಿಯಿದೆ ಎಂದರೆ ನಂಬಬೇಕು. ಒಂದು ಮಗುವಿಗೆ ಗೂಡು ಕಟ್ಟಲು ಎರಡು ಬೆಡ್‌ಶೀಟ್ ಸುರುಳಿ ಬೇಕು. ಮೂತ್ರ, ಹಾಲು ಬಿದ್ದರೆ ಬದಲಿಸಬೇಕು. ಸೋಂಕಿನ ಭಯದಿಂದ ಒಂದು ಮಗುವಿನದು ಇನ್ನೊಂದಕ್ಕೆ ಹಾಕುವಂತಿಲ್ಲ. ಒಗೆಯಲು ಹೋದ ಬಟ್ಟೆ ವಾಪಸ್ ಬರುವುದು ತಡವಾದರೆ ಗೂಡು ಇಲ್ಲ. ದುಬಾರಿ ಯಂತ್ರಕ್ಕೆ ಟೆಂಡರ್ ಆಗುತ್ತದೆ, ಉದ್ಘಾಟನೆಗೆ ಶಾಸಕರು ಬರುತ್ತಾರೆ. ಬೆಡ್‌ಶೀಟಿಗೆ ಯಾರು ಬರುತ್ತಾರೆ?

ಈಗ ತಾಯಿ ಮತ್ತು ಮಗು ಒಂದೆಡೆ ಸೇರುವ ಮಾತು. ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ 1978ರಲ್ಲಿ ಇನ್ಕ್ಯುಬೇಟರ್ ಸಾಲದೆ ಎಡ್ಗರ್ ರೇ ಎಂಬ ವೈದ್ಯರು ಪುಟ್ಟ ಮಕ್ಕಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಕಾಂಗರೂ ಆರೈಕೆ ಹುಟ್ಟಿದ್ದು ಹೀಗೆ. ಟೋಪಿ, ಕಾಲುಚೀಲ, ನ್ಯಾಪಿ ಬಿಟ್ಟು ಬೇರೆ ಬಟ್ಟೆಯಿಲ್ಲದ ಮಗುವನ್ನು ತಾಯಿಯ ಸ್ತನಗಳ ನಡುವೆ ನೆಟ್ಟಗೆ ಇರಿಸಿ, ತಲೆ ಒಂದು ಪಕ್ಕಕ್ಕೆ ಹೊರಳಿಸಿ, ಕಾಲುಗಳನ್ನು ಕಪ್ಪೆಯ ಹಾಗೆ ಮಡಿಸಿ, ಬಟ್ಟೆಯಿಂದ ಬಿಗಿಯುತ್ತಾರೆ. ಮೊದಲು ಮಗು ಸುಧಾರಿಸಲಿ, ಆಮೇಲೆ ಎದೆಗೆ ಎಂಬುದು ಹಳೆಯ ಪದ್ಧತಿ. ಭಾರತವೂ ಸೇರಿ ಐದು ದೇಶಗಳಲ್ಲಿ 1,000ದಿಂದ 1,799 ಗ್ರಾಂ ತೂಕದ ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ಆ ಪದ್ಧತಿಯನ್ನು ತಿರುಗಿಸಿತು. ಹುಟ್ಟಿದ ಕೂಡಲೇ ಎದೆಗೆ ಕೊಟ್ಟ ಗುಂಪಿನಲ್ಲಿ 28 ದಿನದೊಳಗೆ ಶೇ 12 ಮಕ್ಕಳು ತೀರಿಕೊಂಡರೆ, ಕಾದು ಕೊಟ್ಟ ಗುಂಪಿನಲ್ಲಿ ಶೇ 15.7. ಭಾರತದಲ್ಲಿ ಅದು ನಡೆದದ್ದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯನ್ನೇ ಬದಲಿಸಿತು. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಆರೋಗ್ಯ ಇಲಾಖೆಯ ಜೊತೆ ಸೇರಿ ಕಾಂಗರೂ ಆರೈಕೆಯನ್ನು ಜಿಲ್ಲೆಯುದ್ದಕ್ಕೂ ಹಬ್ಬಿಸುವ ಕೆಲಸ ಮಾಡಿದೆ. ಅಂದರೆ ಇದು ಕರ್ನಾಟಕದ ಸರ್ಕಾರಿ ಆಸ್ಪತ್ರೆಗೆ ಎಟುಕದ ಮಾತಲ್ಲ.

ಕೋಲಾರದಲ್ಲಿ ಇದನ್ನು ತಾಯಿಗೆ ಒಪ್ಪಿಸಬೇಕಾದವರೂ ಸಿಸ್ಟರೇ. ಕನ್ನಡದಲ್ಲೂ ತೆಲುಗಿನಲ್ಲೂ ಒಪ್ಪಿಸಬೇಕು. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಹುಡುಗಿಯ ಪಕ್ಕ ಅವಳ ತಾಯಿ ಇರುತ್ತಾಳೆ. ‘ಸಿಸ್ಟರಮ್ಮಾ, ಹಸಿ ಬಾಣಂತಿ, ಬೆನ್ನು ಹಿಡ್ಕೊಳ್ಳುತ್ತೆ, ಅಷ್ಟು ಹೊತ್ತು ಕೂರಿಸಬೇಡಿ’ ಎನ್ನುತ್ತಾಳೆ. ಪುರುಡು ಕಳೆಯುವವರೆಗೆ ಅಪ್ಪ ಮುಟ್ಟಬಾರದು ಎನ್ನುವ ಮನೆಗಳಿವೆ. ದಿನಕ್ಕೆ ಎಂಟು ಗಂಟೆ ಮಗುವನ್ನು ಎದೆಗಿಟ್ಟು ಕೂರಲು ಒರಗು ಕುರ್ಚಿಯಿಲ್ಲ, ಪ್ಲಾಸ್ಟಿಕ್ ಸ್ಟೂಲ್ ಇದೆ. ಪರದೆ ಇಲ್ಲದೆ ಎದೆ ತೆರೆದು ಕೂರಲು ನಾಚಿಕೆ. ಅಜ್ಜಿಯನ್ನು ಎದುರು ಹಾಕಿಕೊಂಡರೆ ಕೆಲಸ ಕೆಡುತ್ತದೆ. ಅನುಭವವಿರುವ ಸಿಸ್ಟರ್ ಅಜ್ಜಿಗೆ ಗೊತ್ತಿರುವ ಕಡೆಯಿಂದಲೇ ಶುರು ಮಾಡುತ್ತಾರೆ. ಬಾಣಂತಿ ಕೋಣೆಯನ್ನು ಮಬ್ಬಾಗಿ, ಬೆಚ್ಚಗೆ ಇಟ್ಟು, ಕಿವಿಗೆ ಬಟ್ಟೆ ಕಟ್ಟಿ, ಬಂದವರನ್ನೆಲ್ಲ ಒಳಗೆ ಬಿಡದೆ ಕಾದವಳು ಅವಳು. ಸಾಂಬ್ರಾಣಿ ಹೊಗೆ ಬೇಡ, ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕುವುದು ಬೇಡ, ಮಿಕ್ಕದ್ದೆಲ್ಲ ಇಲ್ಲೂ ಬೇಕು ಎಂದರೆ ಅವಳಿಗೆ ತಿಳಿಯುತ್ತದೆ. ನಮ್ಮದು ರೇಷ್ಮೆಯ ಜಿಲ್ಲೆ. ಚಾಕಿ ಹುಳದ, ಎಂದರೆ ಎಳೆಯ ರೇಷ್ಮೆಹುಳದ, ಮನೆಗೆ ಕೈ ತೊಳೆಯದೆ ಕಾಲಿಡದವರಿಗೆ, ಶಾಖ ಒಂದಿಷ್ಟು ಏರುಪೇರಾದರೂ ಎದ್ದು ನೋಡುವವರಿಗೆ ಈ ಮಗುವನ್ನು ಹೇಗೆ ಕಾಯಬೇಕೆಂಬುದು ಹೊಸ ಪಾಠವಲ್ಲ.

ಆದರೆ ಅದೇ ರೇಷ್ಮೆ ತಾಯಿಯನ್ನು ಹಿಂದಕ್ಕೆ ಎಳೆಯುವುದೂ ಉಂಟು. ಮನೆಯಲ್ಲಿ ಹುಳ ನಾಲ್ಕನೇ ಜ್ವರ, ಎಂದರೆ ನಾಲ್ಕನೇ ಬಾರಿ ಪೊರೆ ಬಿಡುವುದು, ಮುಗಿಸಿ ಎದ್ದಿದ್ದರೆ ಹಗಲು ರಾತ್ರಿ ಸೊಪ್ಪು ಹಾಕಬೇಕು. ಆಸ್ಪತ್ರೆಯಲ್ಲಿ ಜೊತೆಗಿರಬೇಕಾದ ಅತ್ತೆ, ನಾದಿನಿ ಅಲ್ಲಿ ಬೇಕು. ಡೈರಿಗೆ ಹಾಲು ಹಾಕುವ ಮನೆಯಲ್ಲಿ ಹಸು ಕರೆಯುವವರು ಬೇಕು. ಹೊಸ ಬಾಣಂತಿಗೆ ಊಟ ಆಸ್ಪತ್ರೆಯಲ್ಲಿ ಸಿಗುತ್ತದೆ, ಜೊತೆಯವರಿಗೆ ಹೋಟೆಲೇ ಗತಿ. ಹದಿನೈದು ದಿನ ಕೋಲಾರದಲ್ಲಿ ಇರುವುದೆಂದರೆ ಬಡ ಮನೆಗೆ ಎಷ್ಟು ಖರ್ಚು ಎಂದು ಲೆಕ್ಕ ಹಾಕದೆ, ‘ತಾಯಿ ಸಹಕರಿಸಲಿಲ್ಲ’ ಎಂದು ಕೇಸ್‌ಶೀಟ್‌ನಲ್ಲಿ ಬರೆಯುವುದು ನ್ಯಾಯವಲ್ಲ. ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆಯ ಅನುಭವದ ಮೇಲೆ ಕೇಂದ್ರ ಸರ್ಕಾರ 2017ರಲ್ಲಿ ಮನೆಯವರನ್ನೂ ಆರೈಕೆಯಲ್ಲಿ ಸೇರಿಸುವ ಮಾರ್ಗಸೂಚಿ ತಂದಿತು. ಕೈ ತೊಳೆಯುವುದು, ಹಾಲು ಹಿಂಡಿ ಕುಡಿಸುವುದು, ಅಪಾಯದ ಗುರುತು ನೋಡುವುದನ್ನು ಮನೆಯವರಿಗೆ ಕಲಿಸಿ ಘಟಕದೊಳಗೆ ಬಿಡುವ ಪದ್ಧತಿ. ಹಿಮ್ಮಡಿಗೆ ಚುಚ್ಚುವಾಗ ಇಲ್ಲವಾಗಿದ್ದ ಮೂರನೇ ಕೈ ಇಲ್ಲಿ ಸಿಗುತ್ತದೆ. ಕಲಿಸುವ ಸಮಯವನ್ನು ಸಿಸ್ಟರ್‌ಗೆ ಕೊಟ್ಟರೆ ಮಾತ್ರ. ಅದನ್ನೂ ಇರುವ ಕೆಲಸದ ಮೇಲೆ ಹೊರಿಸಿದರೆ ಇನ್ನೊಂದು ರಿಜಿಸ್ಟರ್ ಹೆಚ್ಚಾಗುತ್ತದೆ, ಅಷ್ಟೆ.

ಕಣ್ಣಿನ ಪರೀಕ್ಷೆ ಮರೆಯಬಾರದು. 34 ವಾರಕ್ಕಿಂತ ಮೊದಲು ಅಥವಾ 2 ಕಿಲೋಗಿಂತ ಕಡಿಮೆ ತೂಕಕ್ಕೆ ಹುಟ್ಟಿದ ಮಗುವಿನ ಅಕ್ಷಿಪಟಲವನ್ನು ಹುಟ್ಟಿದ 30 ದಿನದೊಳಗೆ ನೋಡಿಸಲೇಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರು ಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಗ್ರಾಮೀಣ ಘಟಕಗಳಿಗೇ ಹೋಗಿ ಮಕ್ಕಳ ಕಣ್ಣಿನ ಚಿತ್ರ ತೆಗೆಯುತ್ತಾರೆ. ಆದರೆ ಡಿಸ್ಚಾರ್ಜ್ ಆಗಿ ಶ್ರೀನಿವಾಸಪುರದ ಮಾವಿನ ತೋಟದ ಹಳ್ಳಿಗೆ ಹೋದ ಮಗು ಆ ತಾರೀಖಿಗೆ ವಾಪಸ್ ಬರಬೇಕಲ್ಲ! ಬರಿಸುವುದು ಸಿಸ್ಟರ್ ಬರೆದುಕೊಟ್ಟ ಚೀಟಿ, ಊರಿನ ಆಶಾ ಕಾರ್ಯಕರ್ತೆಗೆ ಮಾಡಿದ ಒಂದು ಫೋನ್. ಅದಕ್ಕೂ ಹೊತ್ತು ಬೇಕು.

ಕಲಿಕೆಯ ಕೊರತೆ ಇಲ್ಲವೇ ಇಲ್ಲ ಎನ್ನಲಾರೆ. ಕೋಲಾರ ನರ್ಸ್‌ಗಳನ್ನು ತಯಾರು ಮಾಡುವ ಊರು. ಟಮಕದಲ್ಲಿ ದೇವರಾಜ ಅರಸು ನರ್ಸಿಂಗ್ ಕಾಲೇಜು, ಜಾಲಪ್ಪ ಆಸ್ಪತ್ರೆ ಇವೆ. ನಗರದಲ್ಲಿ ಶತಮಾನ ದಾಟಿದ ಇಟಿಸಿಎಂ ಮಿಷನ್ ಆಸ್ಪತ್ರೆ ಇದೆ. ಕಾಲೇಜಿನಲ್ಲಿ ಓದಿದ್ದು ಸಾಲದು ಎಂದು ಎಸ್‌ಎನ್‌ಸಿಯು ಸಿಬ್ಬಂದಿಗೆ ನಾಲ್ಕು ದಿನದ ತರಬೇತಿ, ಅದಾದ ಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಎರಡು ವಾರ ಜೊತೆಗಿದ್ದು ಕಲಿಯುವ ಅವಕಾಶವಿದೆ. ಮಗುವಿನ ಮೈಭಾಷೆ ಓದಲು ಕಣ್ಣು ಪಳಗಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಕಣ್ಣು ಪಳಗುವ ಹೊತ್ತಿಗೆ ವಾರ್ಡ್ ಬದಲಾವಣೆ. ಎಸ್‌ಎನ್‌ಸಿಯುನಿಂದ ಹೆರಿಗೆ ವಾರ್ಡಿಗೆ, ಅಲ್ಲಿಂದ ಐಸಿಯುಗೆ. ಅವರ ಜಾಗಕ್ಕೆ ಬಂದವರು ಮತ್ತೆ ಮೊದಲಿಂದ.

ತರಬೇತಿ ಪಡೆದವರನ್ನು ನವಜಾತ ಶಿಶು ಘಟಕದಿಂದ ಕದಲಿಸಬಾರದೆಂದು ಕೇಂದ್ರದ ಮಾರ್ಗಸೂಚಿಯಲ್ಲೇ ಇದೆ. ಆಸ್ಪತ್ರೆಯೊಳಗೆ ಅದನ್ನು ಜಾರಿ ಮಾಡಲು ಬೆಂಗಳೂರಿನ ಅನುಮತಿ ಕಾಯಬೇಕಿಲ್ಲ, ಜಿಲ್ಲಾ ಶಸ್ತ್ರಚಿಕಿತ್ಸಕರ ಒಂದು ಪುಟದ ಆದೇಶ ಸಾಕು. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದ ತಾಲ್ಲೂಕು ಆಸ್ಪತ್ರೆಗಳಿಗೆ ಆಯಾ ಆಡಳಿತ ವೈದ್ಯಾಧಿಕಾರಿ ಬರೆದರೆ ಆಯಿತು. ಮುಂದಿನ ಡ್ಯೂಟಿ ಪಟ್ಟಿ ಗೋಡೆಗೆ ಅಂಟುವ ಮೊದಲು ಆ ಆದೇಶ ಹೊರಡಬೇಕು.